ಟಿಎಸ್‌ಎಚ್ ಸರಿ ಇತ್ತು, ಮೈ ಸರಿ ಇರಲಿಲ್ಲ: ಮೂರು ಥೈರಾಯ್ಡ್ ಮಾತ್ರೆಗಳ ಜೊತೆ ಏಳು ವರ್ಷ

ಥೈರಾಯ್ಡ್ ಹಾರ್ಮೋನ್ ಕೊರತೆಗೆ ಈಗ ನಾನು ತೆಗೆದುಕೊಳ್ಳುವುದು ಇಷ್ಟು. ಬೆಳಿಗ್ಗೆ ಎದ್ದ ತಕ್ಷಣ 75 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್, ಜೊತೆಗೆ 5 ಮೈಕ್ರೋಗ್ರಾಂ ಲಿಯೊಥೈರೊನಿನ್ ಮಾತ್ರೆಯ ಅರ್ಧ. ಮಧ್ಯಾಹ್ನ ಎರಡು ಗಂಟೆಗೆ ಇನ್ನರ್ಧ. ಈ ಲೆಕ್ಕಕ್ಕೆ ಬಂದು ನಿಲ್ಲಲು ಸುಮಾರು ನಾಲ್ಕು ವರ್ಷ ಹಿಡಿಯಿತು. ನಡುವೆ ಹದಿನಾಲ್ಕು ತಿಂಗಳು ಹಂದಿಯ ಥೈರಾಯ್ಡ್ ಗ್ರಂಥಿಯಿಂದ ಮಾಡಿದ ಮಾತ್ರೆಯನ್ನೂ ತೆಗೆದುಕೊಂಡೆ. ಮೂರನ್ನೂ ನನ್ನ ಮೈಯಲ್ಲೇ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಊರು ತುಮಕೂರು.

ಶುರುವಾಗಿದ್ದು 2018ರಲ್ಲಿ. ಮಗಳು ಹುಟ್ಟಿ ಎಂಟು ತಿಂಗಳಾಗಿತ್ತು. ಬಾಣಂತನದ ಸುಸ್ತು ಇರಬೇಕು ಅಂದುಕೊಂಡು ಸುಮ್ನಿದ್ದೆ. ಜೂನ್ ತಿಂಗಳಲ್ಲೂ ಸ್ವೆಟರ್ ಬೇಕಾದಾಗ ರಕ್ತ ಪರೀಕ್ಷೆ ಮಾಡಿಸಿದೆ. ಟಿಎಸ್‌ಎಚ್ 41 ಬಂತು. ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನ್ ಇದು. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಇದು ಏರುತ್ತದೆ, ಜಾಸ್ತಿಯಾದರೆ ಇಳಿಯುತ್ತದೆ. ಕಾಯಿಲೆ ಹಶಿಮೊಟೊ. ಅಂದರೆ ಸೋಂಕಿನ ಜೊತೆ ಹೋರಾಡಬೇಕಾದ ದೇಹದ ಕಾವಲು ಪಡೆ ಥೈರಾಯ್ಡ್ ಗ್ರಂಥಿಯನ್ನೇ ಹಾಳು ಮಾಡುವುದು. ಲೆವೊಥೈರಾಕ್ಸಿನ್ 50ರಿಂದ ಶುರು ಮಾಡಿ 88ಕ್ಕೆ ಏರಿಸಿದರು. ಭಾರತದಲ್ಲಿ ಥೈರೊನಾರ್ಮ್, ಎಲ್ಟ್ರಾಕ್ಸಿನ್ ಅಂತ ಸಿಗುವುದೂ ಇದೇ ಔಷಧಿ.

ಮೊದಲ ಮೂರು ತಿಂಗಳಲ್ಲಿ ನಿಜವಾಗಿಯೂ ಜೀವ ಬಂದಂತಾಯಿತು. ಮುಖದ ಊತ ಇಳಿಯಿತು. ಮೆಟ್ಟಿಲು ಹತ್ತಲು ಆಯಿತು. ಈ ಮಾತ್ರೆಯನ್ನು ಕೆಟ್ಟದ್ದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬಹಳಷ್ಟು ಜನಕ್ಕೆ ಇದೊಂದೇ ಸಾಕು.

ನನಗೆ ಮುಕ್ಕಾಲು ದಾರಿಯಲ್ಲಿ ನಿಂತುಹೋಯಿತು. ನನ್ನದು ಅಕೌಂಟ್ಸ್ ಕೆಲಸ. ಮೀಟಿಂಗ್‌ನಲ್ಲಿ ಮಾತಾಡುತ್ತಾ ಇರುವಾಗಲೇ ಬೇಕಾದ ಪದ ಸಿಗುತ್ತಿರಲಿಲ್ಲ. ದಿನಾ ಬಳಸುವ ಪದವೇ. ರಾತ್ರಿ ಮಗಳಿಗೆ ಕಥೆ ಓದುವಾಗ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಮೊದಲ ಪುಟದಲ್ಲಿ ಏನಿತ್ತು ಅಂತ ಮರೆತಿರುತ್ತಿತ್ತು. ಅವಳು ಪ್ರಶ್ನೆ ಕೇಳಿದರೆ ಅಳು ಬರುತ್ತಿತ್ತು. ಡಾಕ್ಟರ್ ಹತ್ತಿರ ಹೋದರೆ ರಿಪೋರ್ಟ್ ತೋರಿಸಿ "ಎಲ್ಲ ನಾರ್ಮಲ್ ಇದೆ, ವಿಶ್ರಾಂತಿ ತೆಗೆದುಕೊಳ್ಳಿ" ಅನ್ನುತ್ತಿದ್ದರು. ಅಂಕಿ ಸರಿ ಇದ್ದೂ ಮೈ ಸರಿ ಇಲ್ಲದವರು ನಾನೊಬ್ಬಳೇ ಅಲ್ಲ ಅಂತ ಆಗ ಗೊತ್ತಿರಲಿಲ್ಲ. ಈ ಔಷಧಿ ತೆಗೆದುಕೊಳ್ಳುವವರಲ್ಲಿ ನೂರಕ್ಕೆ ಐದರಿಂದ ಹತ್ತು ಜನಕ್ಕೆ ಹೀಗೇ ಆಗುತ್ತದೆ ಅಂತ ವೈದ್ಯರೇ ಬರೆದಿದ್ದಾರೆ.

ಎರಡನೇ ಡಾಕ್ಟರ್ ಹಾರ್ಮೋನ್ ತಜ್ಞೆ. ಅವರು ಔಷಧಿ ಬದಲಾಯಿಸುವ ಮೊದಲು ಒಂದು ಪ್ರಶ್ನೆ ಕೇಳಿದರು: "ಮಾತ್ರೆ ಹೇಗೆ ತಗೋತೀರಿ?" ನಾನು ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ಫಿಲ್ಟರ್ ಕಾಫಿ ಕುಡಿಯುತ್ತಿದ್ದೆ. ತಿಂಡಿ ಜೊತೆ ಕ್ಯಾಲ್ಸಿಯಂ ಮಾತ್ರೆ. ಅದಕ್ಕೇ ಟಿಎಸ್‌ಎಚ್ ಒಮ್ಮೆ 1.9, ಇನ್ನೊಮ್ಮೆ 5.8 ಬರುತ್ತಿತ್ತು. ಕಾಫಿಗೂ ತಿಂಡಿಗೂ ಒಂದು ಗಂಟೆ ಬಿಡಬೇಕು, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ. ಕೂದಲಿಗೆ ಅಂತ ತಿನ್ನುತ್ತಿದ್ದ ಬಯೊಟಿನ್ ಮಾತ್ರೆ ರಕ್ತ ಪರೀಕ್ಷೆಯ ಅಂಕಿಗಳನ್ನೇ ಏರುಪೇರು ಮಾಡುತ್ತದೆ, ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಬೇಕು ಅಂದರು. ಆಮೇಲೆ ಫೆರಿಟಿನ್, ಅಂದರೆ ದೇಹ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ನೋಡಿದರು, ಬರೀ 9 ಇತ್ತು. ಬಿ12 ಕೂಡ ಕಡಿಮೆ. ನಾವು ಮೊಟ್ಟೆಯನ್ನೂ ತಿನ್ನದವರು, ನಮ್ಮಂಥವರಲ್ಲಿ ಇವೆರಡೂ ಕಡಿಮೆ ಇರುವುದು ಸಾಮಾನ್ಯ. ಇವನ್ನೆಲ್ಲ ಸರಿ ಮಾಡಲು ಎಂಟು ತಿಂಗಳು ಹಿಡಿಯಿತು. ಕೂದಲು ಉದುರುವುದು ಅರ್ಧ ನಿಂತಿತು. ಸುಸ್ತು ಎಷ್ಟೋ ಇಳಿಯಿತು. ಟಿಎಸ್‌ಎಚ್ ಎರಡರ ಹತ್ತಿರ ಗಟ್ಟಿಯಾಗಿ ನಿಂತಿತು. ಬೇರೆ ಔಷಧಿ ಹುಡುಕುವವರು ದಯವಿಟ್ಟು ಈ ಹಂತವನ್ನು ಹಾರಿಸಬೇಡಿ. ನನಗೆ ಇದನ್ನು ಎರಡು ವರ್ಷ ಮೊದಲೇ ಯಾರಾದರೂ ಹೇಳಿದ್ದರೆ ಅಂತ ಈಗಲೂ ಅನಿಸುತ್ತದೆ.

ತಲೆಯ ಮಂಕು ಮಾತ್ರ ಹೋಗಲಿಲ್ಲ.

ಥೈರಾಯ್ಡ್ ಗ್ರಂಥಿ ಎರಡು ಹಾರ್ಮೋನ್ ಮಾಡುತ್ತದೆ: ಜಾಸ್ತಿ ಟಿ4, ಸ್ವಲ್ಪ ಟಿ3. ಕೆಲಸ ಮಾಡುವುದು ಹೆಚ್ಚಾಗಿ ಟಿ3. ಲೆವೊಥೈರಾಕ್ಸಿನ್ ಬರೀ ಟಿ4. ದೇಹವೇ ಅದನ್ನು ಬೇಕಾದಷ್ಟು ಟಿ3 ಮಾಡಿಕೊಳ್ಳುತ್ತದೆ ಅಂತ 1970ರಲ್ಲಿ ಗೊತ್ತಾಯಿತು. ಆಮೇಲೆ ಟಿ4 ಒಂದನ್ನೇ ಕೊಡುವುದು ರೂಢಿಯಾಯಿತು. ಕೆಲವರಲ್ಲಿ ಈ ಬದಲಾವಣೆ ಪೂರ್ತಿ ಆಗುವುದಿಲ್ಲವೇನೋ ಅನ್ನುವ ಅನುಮಾನದಿಂದಲೇ ಟಿ3 ಸೇರಿಸಿ ಕೊಡುವ ಮಾತು ಬರುವುದು.

ಇಲ್ಲಿ ಟಿ3 ಬೇಕೆಂದರೆ ಎರಡು ದಾರಿ. ಒಂದು, ಕಾರ್ಖಾನೆಯಲ್ಲಿ ತಯಾರಾಗುವ ಲಿಯೊಥೈರೊನಿನ್. ಇನ್ನೊಂದು, ಹಂದಿಯ ಗ್ರಂಥಿಯನ್ನು ಒಣಗಿಸಿ ಪುಡಿ ಮಾಡಿದ ಮಾತ್ರೆ. ಇದರಲ್ಲಿ ಟಿ4, ಟಿ3 ಎರಡೂ ಇರುತ್ತವೆ. ಇದರಿಂದ ಬದುಕೇ ಬದಲಾಯಿತು ಅನ್ನುವವರು ಇಲ್ಲಿ ಬಹಳ ಜನ. ಪರಿಚಯದ ಇಬ್ಬರು ಹಾಗೆಂದರು. ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ವೈದ್ಯರು 70 ಜನರಿಗೆ ಈ ಗ್ರಂಥಿಯ ಮಾತ್ರೆ, ಲೆವೊಥೈರಾಕ್ಸಿನ್ ಎರಡನ್ನೂ ಹದಿನಾರು ಹದಿನಾರು ವಾರ, ಯಾವುದು ಯಾವುದೆಂದು ಹೇಳದೆ ಕೊಟ್ಟು 2013ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. 34 ಜನ ಗ್ರಂಥಿಯ ಮಾತ್ರೆಯೇ ಚೆನ್ನಾಗಿತ್ತು ಅಂದರು, 13 ಜನ ಲೆವೊಥೈರಾಕ್ಸಿನ್ ಅಂದರು, 23 ಜನಕ್ಕೆ ಎರಡೂ ಒಂದೇ. ಆದರೆ ನೆನಪು, ಲಕ್ಷಣಗಳನ್ನು ಅಳೆದು ನೋಡಿದಾಗ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಾನು ಆ 34ರ ಮೇಲೆ ಆಸೆ ಇಟ್ಟುಕೊಂಡೆ.

ಹಂದಿಯದ್ದು ಅನ್ನುವ ವಿಷಯ ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಪ್ರಿಸ್ಕ್ರಿಪ್ಷನ್ ಕೈಯಲ್ಲಿತ್ತು, ಔಷಧಿ ಅಂಗಡಿಗೆ ಹೋಗಲು ಮನಸ್ಸು ಬರಲಿಲ್ಲ. ಕೊನೆಗೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಔಷಧಿಗೆ ಮಡಿ ಮೈಲಿಗೆ ಏನು ಬಂತೇ? ಮಗು ಮುಖ ನೋಡು, ತಗೋ" ಅಂದರು. ಇಷ್ಟು ಮಡಿ ಮಾಡುವ ಅಮ್ಮನ ಬಾಯಿಂದ ಆ ಮಾತು ಬಂದಾಗ ನನಗೆ ಗಂಟಲು ಕಟ್ಟಿತು. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಅನ್ನುವ ವೈದ್ಯರು ಕುರಿಯ ಥೈರಾಯ್ಡ್ ರಸ ಕೊಟ್ಟು ಒಬ್ಬ ಹೆಂಗಸಿನ ಜೀವ ಉಳಿಸಿದ್ದರು, ಆಕೆ ಮುಂದೆ 28 ವರ್ಷ ಬದುಕಿದರು ಅಂತ ಆಮೇಲೆ ಓದಿದೆ. ಈ ಕಾಯಿಲೆಗೆ ಮೊದಲು ಸಿಕ್ಕ ಔಷಧಿಯೇ ಪ್ರಾಣಿಯದ್ದು. ಅದನ್ನು ಓದಿ ಮನಸ್ಸು ಸ್ವಲ್ಪ ಹಗುರಾಯಿತು. ಆದರೂ ತೆಗೆದುಕೊಳ್ಳಲೇಬೇಕು ಅಂತ ನಾನು ಯಾರಿಗೂ ಹೇಳುವುದಿಲ್ಲ. ಅದು ಅವರವರ ಮನಸ್ಸಿಗೆ ಬಿಟ್ಟಿದ್ದು.

2021ರ ಫೆಬ್ರವರಿಯಲ್ಲಿ ಶುರು ಮಾಡಿದೆ. 60 ಮಿಲಿಗ್ರಾಂ ಮಾತ್ರೆ, ಒಂದು ಗ್ರೇನ್ ಅನ್ನುತ್ತಾರೆ. ಡಬ್ಬಿ ತೆರೆದರೆ ಒಂದು ಥರಾ ವಾಸನೆ. ಮೊದಲ ಎರಡು ವಾರ ಹಬ್ಬ. ತಲೆ ತಿಳಿಯಾಯಿತು, ಪದಗಳು ತಾವಾಗಿಯೇ ಬಂದವು. ಮೂರನೇ ವಾರದಿಂದ ಬೆಳಿಗ್ಗೆ ಒಂಬತ್ತು ಒಂಬತ್ತೂವರೆಗೆ ಎದೆ ಢವಢವ. ಕೈ ಸಣ್ಣಗೆ ನಡುಕ. ಸಂಜೆ ಐದಕ್ಕೆ ದೀಪ ಆರಿದ ಹಾಗೆ ಸುಸ್ತು. ಎರಡು ತಿಂಗಳಿಗೆ ಟಿಎಸ್‌ಎಚ್ 0.2ಕ್ಕೆ ಇಳಿದಿತ್ತು. ಯಾಕೆ ಅಂತ ಡಾಕ್ಟರ್ ಕಾಗದದ ಮೇಲೆ ಬರೆದು ತೋರಿಸಿದರು. ಒಂದು ಗ್ರೇನ್‌ನಲ್ಲಿ 38 ಮೈಕ್ರೋಗ್ರಾಂ ಟಿ4, 9 ಮೈಕ್ರೋಗ್ರಾಂ ಟಿ3. ಅಂದರೆ ನಾಲ್ಕಕ್ಕೆ ಒಂದು. ಮನುಷ್ಯರ ಗ್ರಂಥಿ ಕೊಡುವುದು ಸುಮಾರು ಹದಿನಾಲ್ಕಕ್ಕೆ ಒಂದು. ಹಂದಿಗೆ ಸರಿಯಾದ ಅಳತೆ ನಮಗೆ ಜಾಸ್ತಿ. ಅದೂ ಅಲ್ಲದೆ ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಒಂದು ವಾರ ಬೇಕು, ಟಿ3ಗೆ ಒಂದು ದಿನ ಸಾಕು. ನುಂಗಿ ಎರಡು ಮೂರು ಗಂಟೆಗೆ ಟಿ3 ಮೇಲೇರುತ್ತದೆ, ಆಮೇಲೆ ಇಳಿಯುತ್ತದೆ. ನನ್ನ ಎದೆ ಬಡಿತದ ಹೊತ್ತಿಗೂ ಅದಕ್ಕೂ ಸರಿಯಾಗಿ ತಾಳೆಯಾಯಿತು.

45 ಮಿಲಿಗ್ರಾಂಗೆ ಇಳಿಸಿದರೆ ಚಳಿ, ಮಂಕು ವಾಪಸ್. ಬೆಳಿಗ್ಗೆ 30, ಮಧ್ಯಾಹ್ನ 30 ಮಾಡಿದಾಗ ಎಷ್ಟೋ ವಾಸಿ, ಆದರೆ ಟಿಎಸ್‌ಎಚ್ ಏಳಲಿಲ್ಲ. ಅದು ಹಾಗೇ ಕೆಳಗೆ ಇದ್ದರೆ ವರ್ಷಗಳ ಮೇಲೆ ಮೂಳೆ ಸವೆಯಬಹುದು, ಹೃದಯದ ಬಡಿತ ತಪ್ಪಬಹುದು. ಇದರ ಮೇಲೆ ಔಷಧಿ ಅಂಗಡಿಯಲ್ಲಿ ಎರಡು ಸಲ ಸ್ಟಾಕ್ ಇಲ್ಲ ಅಂದರು. ದಿನಾ ಬೇಕಾದ ಹಾರ್ಮೋನ್ ಮಾತ್ರೆ ಸಿಗದೆ ಮೂರು ಅಂಗಡಿ ಅಲೆದ ಸಂಜೆ ನಾನು ಇದು ಬೇಡ ಅಂತ ನಿರ್ಧರಿಸಿದೆ. ಈ ಗ್ರಂಥಿಯ ಮಾತ್ರೆಗಳಿಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಇಲ್ಲ, ಹಳೆಯ ಕಾಲದಿಂದ ಹಾಗೇ ಮಾರಾಟವಾಗುತ್ತಾ ಬಂದಿವೆ. 2025ರ ಆಗಸ್ಟ್‌ನಲ್ಲಿ ಎಫ್‌ಡಿಎ ತಯಾರಕರಿಗೆ ನೋಟಿಸ್ ಕೊಟ್ಟು, ರೋಗಿಗಳು ಬೇರೆ ಔಷಧಿಗೆ ಹೋಗಲು ಹನ್ನೆರಡು ತಿಂಗಳು ಸಮಯ ಅಂತ ಹೇಳಿತು. ಇದರ ಮೇಲೇ ನಿಂತಿರುವ ಲಕ್ಷಾಂತರ ಜನರ ಗಾಬರಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅವರಿಗೆ ದಾರಿ ಸಿಗಲಿ.

2022ರ ಏಪ್ರಿಲ್‌ನಿಂದ ಈಗಿನ ಜೋಡಿ. ಲೆವೊಥೈರಾಕ್ಸಿನ್ 75ಕ್ಕೆ ಲಿಯೊಥೈರೊನಿನ್ 5, ಹದಿನೈದಕ್ಕೆ ಒಂದು. ಮೊದಲ ದಿನಗಳಲ್ಲಿ ಹಬ್ಬದ ಥರ ಏನೂ ಆಗಲಿಲ್ಲ. ಆರನೇ ವಾರದಲ್ಲಿ ಒಂದು ರಾತ್ರಿ ಮಗಳಿಗೆ ಪೂರ್ತಿ ಕಥೆ ಓದಿ, ಅವಳ ಜೊತೆ ಅದರ ಬಗ್ಗೆ ಮಾತಾಡಿ ಮಲಗಿಸಿದೆ. ದೀಪ ಆರಿಸಿದ ಮೇಲೆ ಹೊಳೆಯಿತು. ಅಲ್ಲಿಂದ ಮೂರು ವರ್ಷಕ್ಕೂ ಜಾಸ್ತಿ ಆಯಿತು, ಅದು ಹಾಗೇ ಉಳಿದಿದೆ. ಟಿಎಸ್‌ಎಚ್ 1.2ರಿಂದ 1.8ರ ಒಳಗೆ. ತೂಕ ಎರಡು ಕೆಜಿ ಇಳಿಯಿತು, ಅಷ್ಟೇ. ಕೂದಲು ಮೊದಲಿನಷ್ಟು ಆಗಿಲ್ಲ. ತೊಂದರೆ ಅಂದರೆ ಮಾತ್ರೆ ತುಂಬಾ ಚಿಕ್ಕದು, ಅರ್ಧ ಮಾಡುವಾಗ ಪುಡಿಯಾಗುತ್ತದೆ. ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಬೇಕೇ ಬೇಕು. ಮಧ್ಯಾಹ್ನದ್ದು ಮರೆಯದಿರಲು ಫೋನ್‌ನಲ್ಲಿ ಅಲಾರಂ ಇಟ್ಟಿದ್ದೇನೆ. ರಕ್ತ ಪರೀಕ್ಷೆ ದಿನ ಬೆಳಗಿನ ಮಾತ್ರೆ ತೆಗೆದುಕೊಳ್ಳದೆ ಹೋಗುತ್ತೇನೆ, ಇಲ್ಲದಿದ್ದರೆ ಟಿ3 ಸುಮ್ನೆ ಜಾಸ್ತಿ ತೋರಿಸುತ್ತದೆ.

ವಯಸ್ಸಾದವರು, ಹೃದಯದ ತೊಂದರೆ ಇರುವವರು ಟಿ3 ವಿಷಯದಲ್ಲಿ ತುಂಬಾ ಎಚ್ಚರ ವಹಿಸಬೇಕು. "ಥೈರಾಯ್ಡ್ ಸಪೋರ್ಟ್" ಅಂತ ಆನ್‌ಲೈನ್‌ನಲ್ಲಿ ಮಾರುವ ಡಬ್ಬಿಗಳನ್ನು ಮುಟ್ಟಬೇಡಿ. 2013ರಲ್ಲಿ ಅಂಥ ಹತ್ತನ್ನು ಪರೀಕ್ಷಿಸಿದಾಗ ಒಂಬತ್ತರಲ್ಲಿ ಟಿ3 ಹಾರ್ಮೋನ್ ಸಿಕ್ಕಿತ್ತು.

ತುಮಕೂರಿನಲ್ಲಿರುವ ತಂಗಿಗೂ ಥೈರಾಯ್ಡ್ ಇದೆ. ನನ್ನ ಕಥೆ ಕೇಳಿ, "ಅಕ್ಕಾ, ಬರುವಾಗ ಆ ಟಿ3 ಮಾತ್ರೆ ನನಗೂ ತಗೊಂಡು ಬಾ" ಅಂದಳು. ತರುವುದಿಲ್ಲ ಅಂದೆ. ಅವಳು ಮಗುವಿಗೆ ಪ್ರಯತ್ನ ಮಾಡುತ್ತಿದ್ದಾಳೆ. ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯಲು ಬೇಕಾಗುವುದು ತಾಯಿಯ ಟಿ4. ಬಸುರಿಗೆ ಲೆವೊಥೈರಾಕ್ಸಿನ್ ಒಂದೇ ಸರಿ. ಎರಡು ದಿನ ಮುನಿಸಿಕೊಂಡಿದ್ದಳು. ಆಮೇಲೆ ಕಾಫಿ ಒಂದು ಗಂಟೆ ಮುಂದಕ್ಕೆ ಹಾಕಿದಳು, ಫೆರಿಟಿನ್ ನೋಡಿಸಿದಳು. 11 ಬಂದಿದೆ. ಈಗ ರಾತ್ರಿ ಊಟ ಆದ ಮೇಲೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ.