ಹೈದರಾಬಾದಿನಲ್ಲಿ ಅರ್ಧ ದಿನ: ಗೋಲ್ಕೊಂಡವೋ ಚಾರ್ಮಿನಾರೋ?
ಎರಡನ್ನೂ ಓಡೋಡಿ ನೋಡಬೇಡಿ, ಸುಮ್ನೆ ಸುಸ್ತಾಗುತ್ತದೆ. ನನ್ನ ಓಟು ಗೋಲ್ಕೊಂಡಕ್ಕೆ. ಕುತುಬ್ ಶಾಹಿ ಸುಲ್ತಾನರ ಹಳೆಯ ರಾಜಧಾನಿ ಅದು. ಕೆಳಗೆ ಬಾಗಿಲ ಬಳಿಯ ಗುಮ್ಮಟದಡಿ ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯಲ್ಲಿ ಕೇಳಿಸುತ್ತದೆ, ಶತ್ರು ಬಂದರೆ ಮೇಲಿನವರಿಗೆ ತಿಳಿಯಲಿ ಅಂತ ಮಾಡಿದ ಏರ್ಪಾಡಂತೆ. ಇಷ್ಟಿದ್ದೂ 1687ರಲ್ಲಿ, ಸುಮಾರು ಎಂಟು ತಿಂಗಳ ಮುತ್ತಿಗೆಯ ನಂತರ, ಔರಂಗಜೇಬನ ಸೈನ್ಯ ಒಳಗೆ ನುಗ್ಗಿತು. ಒಳಗಿನವನೇ ಬಾಗಿಲು ತೆರೆದ ಅನ್ನುತ್ತಾರೆ. ಮೆಟ್ಟಿಲು ಮಾತ್ರ ಜಾಸ್ತಿ. ಮಂಡಿ ನೋವಿದ್ದರೆ ಚಾರ್ಮಿನಾರೇ ಸರಿ.

ಚಾರ್ಮಿನಾರ್ 1591ರಲ್ಲಿ ಮೊಹಮ್ಮದ್ ಕುಲಿ ಕುತುಬ್ ಶಾ ಕಟ್ಟಿಸಿದ್ದು. ನೋಡಲು ಹೆಚ್ಚು ಹೊತ್ತು ಬೇಡ. ಪಕ್ಕದಲ್ಲೇ ಮೆಕ್ಕಾ ಮಸೀದಿ, ಲಾಡ್ ಬಜಾರಿನ ಬಳೆಗಳು. ಸಂಜೆ ಜನಜಂಗುಳಿ ವಿಪರೀತ, ಬೆಳಗ್ಗೆಯೇ ಹೋಗಿ. ಬಳೆ ಅಂಗಡಿಯಲ್ಲಿ ಚೌಕಾಸಿ ಮಾಡಲು ಬರುತ್ತೆ ಅಲ್ವಾ?