ಮರದ ಪೆಲೆಟ್ ಮತ್ತು ಜರಡಿ ಡಬ್ಬಿ: ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮ ಮನೆಯಲ್ಲಿ ಎರಡು ಬೆಕ್ಕುಗಳಿವೆ. ಬೆಳ್ಳಿಗೆ ಈಗ 13 ವರ್ಷ, ಗುಂಡನಿಗೆ 6. ಇಬ್ಬರೂ ಮನೆಯೊಳಗೇ ಬೆಳೆದವರು, ಹೊರಗೆ ಬಿಡುವುದಿಲ್ಲ. ಬೆಕ್ಕು ಉಚ್ಚೆ, ಕಕ್ಕ ಮಾಡುವ ಡಬ್ಬಿಗೆ ತುಂಬುವ ವಸ್ತುವಿಗೆ ಲಿಟರ್ ಅನ್ನುತ್ತಾರೆ. ನಾಲ್ಕು ವರ್ಷದ ಹಿಂದೆ ನಾವು ಮಣ್ಣಿನ ಲಿಟರ್ ಬಿಟ್ಟೆವು. ಮರದ ಪುಡಿಯನ್ನು ಒತ್ತಿ ಮಾಡಿದ ಪೆಲೆಟ್, ಅದಕ್ಕೊಂದು ಜರಡಿ ಇರುವ ಎರಡು ಅಂತಸ್ತಿನ ಡಬ್ಬಿ ತಂದೆವು. ಇವತ್ತಿಗೂ ಅದೇ ನಡೆಯುತ್ತಿದೆ. ಒಂದು ವಾರ ಬಳಸಿ ಬರೆದ ಹೊಗಳಿಕೆ ಬೇಕಾದಷ್ಟು ಸಿಗುತ್ತದೆ. ವರ್ಷಗಟ್ಟಲೆ ಬಳಸಿದವರ ಮಾತು ಕಡಿಮೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮಣ್ಣಿನ ಲಿಟರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಒಂದು ಕಾಲಕ್ಕೆ ಅದೇ ಹೊಸ ದಾರಿಯಾಗಿತ್ತು. ಅದಕ್ಕೆ ಮೊದಲು ಜನ ಡಬ್ಬಿಗೆ ಮರಳು, ಬೂದಿ ಹಾಕುತ್ತಿದ್ದರು. ಬೂದಿ ಬೆಕ್ಕಿನ ಕಾಲಿಗೆ ಹತ್ತಿ ಮನೆಯೆಲ್ಲ ಹೆಜ್ಜೆ ಗುರುತಾಗುತ್ತಿತ್ತು. 1947ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಎಡ್ ಲೋ ಎಂಬವರು ಪಕ್ಕದ ಮನೆಯ ಹೆಂಗಸಿಗೆ ಬೂದಿಯ ಬದಲು ಒಣ ಜೇಡಿಮಣ್ಣಿನ ಹರಳು ಕೊಟ್ಟರು. ಅಲ್ಲಿಂದ ಲಿಟರ್ ಅನ್ನುವ ವ್ಯಾಪಾರವೇ ಶುರುವಾಯಿತು. ಒದ್ದೆಯಾದಾಗ ಉಂಡೆ ಕಟ್ಟುವ ಬೆಂಟೊನೈಟ್ ಮಣ್ಣು ಬಂದದ್ದು 1980ರ ದಶಕದಲ್ಲಿ. ನಮ್ಮ ತೊಂದರೆ ಇದ್ದದ್ದು ಧೂಳಿನಲ್ಲಿ. ಪ್ರತಿ ಸಲ ಚೀಲ ಸುರಿಯುವಾಗ ನನಗೆ ಕೆಮ್ಮು ಹಿಡಿಯುತ್ತಿತ್ತು. ಗುಂಡ ಅಗೆಯುವ ರಭಸಕ್ಕೆ ಆ ಮೂಲೆಯ ಗೋಡೆಯೇ ಬೂದು ಬಣ್ಣಕ್ಕೆ ತಿರುಗಿತ್ತು.

ಪೆಲೆಟ್‌ಗೆ ಬರುವ ಮುಂಚೆ ಬೇರೆ ಎರಡು ದಾರಿ ನೋಡಿದೆವು. ಸಿಲಿಕಾ ಹರಳು ಒಂದು ತಿಂಗಳು ಇತ್ತು. ವಾಸನೆ ಚೆನ್ನಾಗಿ ಹೀರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಚ್ಚೆ ಬಿದ್ದಾಗ ಚಟಚಟ ಅನ್ನುತ್ತದೆ. ಬೆಳ್ಳಿ ಆ ಸದ್ದಿಗೆ ಬೆದರಿ ಅರ್ಧಕ್ಕೇ ಎದ್ದು ಓಡುತ್ತಿದ್ದಳು. ಅಲ್ಲಿಗೆ ಅದು ಮುಗಿಯಿತು.

ಎರಡನೆಯದು ಟಾಯ್ಲೆಟ್ ತರಬೇತಿ. ಇದರ ಬಗ್ಗೆ ಜಾಸ್ತಿ ಹೇಳಬೇಕು. ಯಾಕಂದರೆ ಲಿಟರೇ ಬೇಡ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ವಾ? ಕಮೋಡಿನ ಸೀಟಿನ ಮೇಲೆ ಒಂದು ಬಳೆಯಂಥ ತಟ್ಟೆ ಇಡಬೇಕು. ಮೊದಲು ಅದರಲ್ಲಿ ಲಿಟರ್ ಇರುತ್ತದೆ. ಆಮೇಲೆ ವಾರ ವಾರಕ್ಕೂ ನಡುವಿನ ತೂತು ದೊಡ್ಡದು ಮಾಡುತ್ತಾ ಹೋಗಬೇಕು. ಗುಂಡ ಚುರುಕು. ಎರಡು ಹಂತ ಬೇಗ ಕಲಿತ. ಮೂರನೆಯದರಲ್ಲಿ ಕಾಲು ಜಾರಿ ಹಿಂಗಾಲು ನೀರಿಗೆ ಬಿತ್ತು. ಮಾರನೇ ದಿನದಿಂದ ನಮ್ಮ ಹಾಸಿಗೆಯ ಮೇಲೆ ಉಚ್ಚೆ ಶುರು. ತಪ್ಪು ಅವನದಲ್ಲ. ಬೆಕ್ಕಿಗೆ ಅಗೆಯಬೇಕು, ಮುಚ್ಚಬೇಕು, ನಾಲ್ಕು ಕಾಲೂ ಗಟ್ಟಿಯಾಗಿ ಊರಿರಬೇಕು. ಸೀಟಿನ ಅಂಚಿನಲ್ಲಿ ಇದ್ಯಾವುದೂ ಇಲ್ಲ. ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಯಿತು. ಬೆಕ್ಕಿನ ಕಕ್ಕದಲ್ಲಿ ಟಾಕ್ಸೊಪ್ಲಾಸ್ಮಾ ಗೊಂಡಿ ಅನ್ನುವ ಪರೋಪಜೀವಿಯ ಮೊಟ್ಟೆಯಂಥ ಕಣ ಇರಬಹುದು. ಕೊಳಚೆ ನೀರು ಶುದ್ಧ ಮಾಡುವ ಮಾಮೂಲಿ ಕ್ರಮಕ್ಕೆ ಅದು ಸುಲಭಕ್ಕೆ ಸಾಯುವುದಿಲ್ಲ. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಸಮುದ್ರದ ನೀರುನಾಯಿಗಳು ಈ ಸೋಂಕಿನಿಂದ ಸತ್ತಿವೆ. ನೆಲದಿಂದ ಹರಿದು ಹೋಗುವ ನೀರಿನ ಜೊತೆ ಅದು ಸಮುದ್ರ ಸೇರುತ್ತದೆ. ತಟ್ಟೆಯನ್ನು ಅವತ್ತೇ ತೆಗೆದು ಎಸೆದೆ.

ಈಗ ಪೆಲೆಟ್ ವಿಷಯ. ಇದು ಮರದ ಹೊಟ್ಟನ್ನು ಬಿಸಿಯಲ್ಲಿ ಒತ್ತಿ ಮಾಡಿದ ಸಣ್ಣ ಕಡ್ಡಿ. ಮರದಲ್ಲೇ ಇರುವ ಲಿಗ್ನಿನ್ ಎಂಬ ವಸ್ತು ಅಂಟಿನ ಹಾಗೆ ಅದನ್ನು ಹಿಡಿದಿಡುತ್ತದೆ. ಉಚ್ಚೆ ಬಿದ್ದ ಕಡ್ಡಿ ಉಬ್ಬಿ ಒಡೆದು ಮತ್ತೆ ಹೊಟ್ಟಾಗುತ್ತದೆ. ಡಬ್ಬಿ ಅಲ್ಲಾಡಿಸಿದರೆ ಹೊಟ್ಟು ಜರಡಿಯಿಂದ ಕೆಳಗಿನ ತಟ್ಟೆಗೆ ಇಳಿಯುತ್ತದೆ. ಒಣಗಿದ ಕಡ್ಡಿಗಳು ಮೇಲೇ ಉಳಿಯುತ್ತವೆ. ಕಕ್ಕವನ್ನು ಸೌಟಿನಿಂದ ತೆಗೆಯಬೇಕು. ಇಷ್ಟೇ ಕೆಲಸ. ಧೂಳಿಲ್ಲ, ಚೀಲ ಹಗುರ, ಉಚ್ಚೆಯ ಘಾಟು ನಿಜವಾಗಿಯೂ ಕಡಿಮೆ.

ಮೊದಲ ತಿಂಗಳು ನಾನು ಮಾಡಿದ ತಪ್ಪು, ಮಣ್ಣಿನ ಲಿಟರ್ ಥರ ದಪ್ಪಗೆ ತುಂಬಿಸಿದ್ದು. ಪೆಲೆಟ್ ಉಬ್ಬುತ್ತದೆ. ಎರಡು ಮೂರು ಸೆಂಟಿಮೀಟರ್ ಸಾಕು. ಜಾಸ್ತಿ ಹಾಕಿದರೆ ಹೊಟ್ಟು ಕೆಳಗೆ ಇಳಿಯುವುದೇ ಇಲ್ಲ. ಒದ್ದೆ ಹೊಟ್ಟು ಜರಡಿಯ ಕಣ್ಣಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೆ ಉಚ್ಚೆ ಆದ ತಕ್ಷಣ ಅಲ್ಲಾಡಿಸಬೇಡಿ. ಒಂದೆರಡು ಗಂಟೆ ಬಿಟ್ಟರೆ ಪುಡಿಪುಡಿಯಾಗಿ ಉದುರುತ್ತದೆ.

ಹಳೆಯದರಿಂದ ಹೊಸದಕ್ಕೆ ಒಗ್ಗಿಸಲು ನಮಗೆ ಮೂರು ವಾರ ಹಿಡಿಯಿತು. ಅವಸರ ಮಾಡಲೇಬೇಡಿ. ಬೆಕ್ಕುಗಳಿಗೆ ಸಾಮಾನ್ಯವಾಗಿ ಮರಳಿನಂಥ ನುಣ್ಣನೆಯ, ಪರಿಮಳವಿಲ್ಲದ ಲಿಟರೇ ಇಷ್ಟ. ಕಡ್ಡಿ ಅವುಗಳಿಗೆ ಹೊಸದು. ಹಳೆಯ ಡಬ್ಬಿಯನ್ನು ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಪೆಲೆಟ್ ಡಬ್ಬಿ ಇಟ್ಟೆವು. ಹಳೆಯದಕ್ಕೆ ದಿನಾ ಒಂದು ಹಿಡಿ ಪೆಲೆಟ್ ಬೆರೆಸಿದೆವು. ಉಂಡೆ ಕಟ್ಟುವ ಮಣ್ಣನ್ನು ಮಾತ್ರ ಜರಡಿ ಡಬ್ಬಿಗೆ ಹಾಕಬೇಡಿ. ಒದ್ದೆಯಾದರೆ ಸಿಮೆಂಟಿನ ಹಾಗೆ ಹಿಡಿದುಕೊಳ್ಳುತ್ತದೆ.

ಕೊರತೆಗಳೂ ಇವೆ. ಕಡ್ಡಿಯಿಂದ ಕಕ್ಕ ಪೂರ್ತಿ ಮುಚ್ಚುವುದಿಲ್ಲ. ಆ ವಾಸನೆ ಮಣ್ಣಿಗಿಂತ ಇದರಲ್ಲೇ ಜಾಸ್ತಿ. ದಿನಕ್ಕೆ ಎರಡು ಸಲ ತೆಗೆಯಲು ಆಗದವರಿಗೆ ಇದು ಒಗ್ಗುವುದಿಲ್ಲ. ಪ್ಲಾಸ್ಟಿಕ್ ಜರಡಿಯಲ್ಲಿ ಉಗುರಿನ ಗೀರು ಬಿದ್ದು, ಒಂದು ವರ್ಷದೊಳಗೆ ಎಷ್ಟು ತೊಳೆದರೂ ವಾಸನೆ ಹೋಗದ ಹಾಗಾಯಿತು. ಎರಡನೇ ಸಲ ಸ್ಟೀಲಿನದು ತಂದೆವು. ಮೂರು ವರ್ಷವಾದರೂ ಅದು ಹಾಗೇ ಇದೆ. ತೊಳೆಯಲು ಬಿಸಿನೀರು, ಪರಿಮಳವಿಲ್ಲದ ಸೋಪು ಸಾಕು. ಬ್ಲೀಚ್ ಹಾಕಲೇಬೇಡಿ. ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ವಿಷದ ಗಾಳಿ ಏಳುತ್ತದೆ. ಒಲೆಗೆ ಅಂತ ಮಾರುವ ಪೆಲೆಟ್ ಕೂಡ ನೋಡಲು ಹೀಗೇ ಇರುತ್ತದೆ. ಕೆಲವಕ್ಕೆ ಚೆನ್ನಾಗಿ ಉರಿಯಲಿ ಅಂತ ಏನಾದರೂ ಬೆರೆಸಿರುತ್ತಾರೆ. ಬರೀ ಮರ ಅಂತ ಖಾತ್ರಿ ಇಲ್ಲದಿದ್ದರೆ ಬೇಡ.

ಹೊಟ್ಟು ತಾನೇ ಅಂತ ಕಮೋಡಿಗೆ ಸುರಿದರೆ ಪೈಪಿನೊಳಗೆ ಉಬ್ಬಿ ಕೂರುತ್ತದೆ. ತರಕಾರಿ ಗಿಡದ ಗೊಬ್ಬರಕ್ಕೂ ನಾನು ಹಾಕುವುದಿಲ್ಲ, ಆಗಲೇ ಹೇಳಿದ ಟಾಕ್ಸೊಪ್ಲಾಸ್ಮಾ ಕಾರಣಕ್ಕೆ. ಕಟ್ಟಿ ಕಸಕ್ಕೆ ಹಾಕುತ್ತೇನೆ. ಆ ಕಣಗಳು ಹೊರಬಿದ್ದ ತಕ್ಷಣ ಸೋಂಕು ತಗುಲಿಸುವುದಿಲ್ಲ, ಅದಕ್ಕೆ 1ರಿಂದ 5 ದಿನ ಬೇಕು. ಅಂದರೆ ದಿನಾ ಶುಚಿ ಮಾಡುವುದೇ ದೊಡ್ಡ ರಕ್ಷಣೆ. ಬಸುರಿಯರು ಈ ಕೆಲಸವನ್ನು ಮನೆಯಲ್ಲಿ ಬೇರೆಯವರಿಗೆ ಬಿಡುವುದು ಒಳ್ಳೆಯದು. ಆಗದಿದ್ದರೆ ಕೈಗವಸು ಹಾಕಿಕೊಂಡು ಮಾಡಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ.

ಎರಡನೇ ವರ್ಷ ನಡೆದ ಒಂದು ಸಂಗತಿಯಿಂದ ಈ ಡಬ್ಬಿಯ ಬೆಲೆ ನನಗೆ ಗೊತ್ತಾಯಿತು. ಒಂದು ಬೆಳಿಗ್ಗೆ ಅಲ್ಲಾಡಿಸಿದರೆ ಗುಂಡನ ಡಬ್ಬಿಯ ಕೆಳತಟ್ಟೆಗೆ ಏನೂ ಬೀಳಲಿಲ್ಲ. ಪೂರ್ತಿ ಒಣ. ರಾತ್ರಿ ಅವನು ನಾಲ್ಕೈದು ಸಲ ಡಬ್ಬಿಗೆ ಹೋಗಿ ಬಂದ ಸದ್ದು ನಾನೇ ಕೇಳಿದ್ದೆ. ಎತ್ತಿಕೊಂಡರೆ ನರಳಿದ. ತಕ್ಷಣ ಪಶುವೈದ್ಯರ ಹತ್ತಿರ ಓಡಿದೆವು. ಉಚ್ಚೆಯ ನಾಳ ಕಟ್ಟಿಕೊಂಡಿತ್ತು. ಗಂಡು ಬೆಕ್ಕಿಗೆ ಆ ನಾಳ ತುಂಬ ಸಣ್ಣದು. ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಕೊಳವೆ ಹಾಕಿ ಬಿಡಿಸಿದರು. ಮೂರು ದಿನ ಅಲ್ಲೇ ಇದ್ದ. ಮನೆಗೆ ಬಂದು ಮೊದಲ ಸಲ ಪೆಲೆಟ್ ಒದ್ದೆ ಮಾಡಿದಾಗ ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವನು ಕಮೋಡಿಗೆ ಹೋಗುವುದನ್ನು ಕಲಿತಿದ್ದರೆ ಅವತ್ತು ನಮಗೆ ಏನೂ ಕಾಣುತ್ತಿರಲಿಲ್ಲ.

ಉಂಡೆ ಕಟ್ಟುವ ಮಣ್ಣಿನಲ್ಲಿ ಉಂಡೆ ಎಣಿಸಿದರೆ ಇದೇ ವಿಷಯ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅದನ್ನು ಒಪ್ಪಲೇಬೇಕು. ತಾನಾಗಿ ತಿರುಗಿ ಶುಚಿ ಮಾಡಿಕೊಳ್ಳುವ ಯಂತ್ರದ ಡಬ್ಬಿಗಳಲ್ಲಿ ಕೆಲವು ಬೆಕ್ಕಿನ ತೂಕ, ಎಷ್ಟು ಸಲ ಬಂತು ಅನ್ನುವುದನ್ನೂ ಬರೆದಿಡುತ್ತವೆ. ಅಕ್ಕನ ಮನೆಯಲ್ಲಿ ಅಂಥದ್ದೊಂದಿದೆ. ಅವಳ ಬೆಕ್ಕು ಎರಡು ವಾರದಲ್ಲಿ ಒಗ್ಗಿತು. ಆದರೆ ತೀರ ಸಣ್ಣ ಮರಿಗಳ ಭಾರ ಸೆನ್ಸರಿಗೆ ಗೊತ್ತಾಗದೆ ಹೋಗಬಹುದು. ಮರಿ ಇರುವ ಮನೆಯಲ್ಲಿ ಅದನ್ನು ತಾನಾಗಿ ತಿರುಗಲು ಬಿಡಬಾರದು.

ಕಳೆದ ವರ್ಷದಿಂದ ಬೆಳ್ಳಿಗೆ ಕೀಲು ನೋವು. ಡಬ್ಬಿಯೊಳಗೆ ಎರಡು ಕಾಲು ಅಂಚಿನ ಮೇಲಿಟ್ಟು ನಿಲ್ಲಲು ಶುರು ಮಾಡಿದಳು. ಗಟ್ಟಿ ಕಡ್ಡಿ ಪಾದಕ್ಕೆ ಒತ್ತುತ್ತಿತ್ತು, ಪಾಪ. ಮೂರು ವರ್ಷ ಸುಮ್ನೆ ಒಪ್ಪಿಕೊಂಡಿದ್ದವಳು. ಪೆಲೆಟ್ ನಂಬಿ ಕೂರಬೇಡ ಅಂತ ಅವಳೇ ಹೇಳಿದ ಹಾಗಾಯಿತು. ಈಗ ಅವಳಿಗೆ ಜರಡಿ ಇಲ್ಲದ, ಮುಂದಿನ ಅಂಚು ತಗ್ಗಿರುವ ಅಗಲವಾದ ತಟ್ಟೆ. ಮೂಗಿನಿಂದ ಬಾಲದ ಬುಡದವರೆಗೆ ಅವಳು ಎಷ್ಟು ಉದ್ದವೋ ಅದರ ಒಂದೂವರೆ ಪಟ್ಟು ಇದೆ. ಹೊಸ ಪೆಲೆಟ್‌ಗೆ ಬಿಸಿನೀರು ಚಿಮುಕಿಸಿ ನಾನೇ ಹೊಟ್ಟು ಮಾಡಿ, ಒಣಗಿಸಿ ಅದರಲ್ಲಿ ಹರಡುತ್ತೇನೆ. ಹೀರುವ ಶಕ್ತಿ ಸ್ವಲ್ಪ ಕಡಿಮೆಯಾಗುತ್ತದೆ, ಬೇಗ ಬದಲಿಸಬೇಕು. ಬೆಳ್ಳಿ ಮಾತ್ರ ಮತ್ತೆ ನಾಲ್ಕೂ ಕಾಲು ಊರಿ ನಿಲ್ಲುತ್ತಾಳೆ, ಅಗೆಯುತ್ತಾಳೆ, ಮುಚ್ಚುತ್ತಾಳೆ.

ಬೆಕ್ಕಿಗೊಂದು, ಮೇಲೊಂದು ಅನ್ನುವ ಲೆಕ್ಕದಲ್ಲಿ ಈಗ ಮನೆಯಲ್ಲಿ ಮೂರು ಡಬ್ಬಿಗಳಿವೆ. ಗುಂಡನಿಗೆ ಜರಡಿಯದು, ಬೆಳ್ಳಿಗೆ ಈ ತಗ್ಗು ತಟ್ಟೆ. ಮೂರನೆಯದೂ ತಗ್ಗು ತಟ್ಟೆಯೇ, ಬೆಳ್ಳಿ ಮಲಗುವ ಕೋಣೆಯಲ್ಲಿದೆ. ರಾತ್ರಿ ಅವಳು ದೂರ ನಡೆಯಬೇಕಾಗಿಲ್ಲ.