ಬೀಚ್ ಬಾಯ್ಸ್ 'ಸನ್‌ಫ್ಲವರ್ / ಸರ್ಫ್ಸ್ ಅಪ್' ಸಿಡಿ: ಹದಿನಾಲ್ಕು ವರ್ಷ ಕೇಳಿದ ಮೇಲೆ

ಈ ಸಿಡಿ ನನ್ನ ಕೈಗೆ ಬಂದು ಹದಿನಾಲ್ಕು ವರ್ಷ ಆಯಿತು. ಸೆಕೆಂಡ್ ಹ್ಯಾಂಡ್. ತಗೊಂಡ ಕಾರಣವೂ ಅಂಥ ಘನವಾದದ್ದೇನಲ್ಲ. ಅಮೆರಿಕದ ಬ್ಯಾಂಡ್ ಬೀಚ್ ಬಾಯ್ಸ್ ಹೆಸರಿತ್ತು, 'ಸರ್ಫ್ಸ್ ಅಪ್', ಅಂದರೆ ಅಲೆ ಎದ್ದಿದೆ, ಅಂತ ಬರೆದಿತ್ತು. ಅಲೆ, ಕಾರು, ಹುಡುಗಿಯರು, ಅದೇ 1963ರ ಆಸುಪಾಸಿನ ಹಾಡುಗಳಿರಬೇಕು, ಮನೆ ಗುಡಿಸುವಾಗ ಹಾಕೋಕೆ ಸರಿಹೋಗುತ್ತೆ ಅಂದುಕೊಂಡೆ. ಮನೆಗೆ ತಂದು ಒಳಗಿನ ಪುಸ್ತಕ ಬಿಡಿಸಿದರೆ ತಲೆ ತಗ್ಗಿಸಿ ನಿಂತ ಒಂದು ಬಡಕಲು ಕುದುರೆ. ಅದರ ಮೇಲೆ ಅದಕ್ಕಿಂತ ಸುಸ್ತಾಗಿ ಬಾಗಿ ಕೂತ ಸವಾರ. ಜೇಮ್ಸ್ ಅರ್ಲ್ ಫ್ರೇಸರ್ ಅವರ 'ಎಂಡ್ ಆಫ್ ದಿ ಟ್ರೇಲ್' ಅನ್ನೋ ಶಿಲ್ಪವನ್ನು ನೋಡಿಕೊಂಡು ಬರೆದ ಚಿತ್ರ ಅದು. ಸಮುದ್ರವೂ ಇಲ್ಲ, ಬಿಸಿಲೂ ಇಲ್ಲ.

ಎರಡು ಸಲ ಕೇಳಿದೆ. ಹಿಡಿಸಲಿಲ್ಲ. ಕಪಾಟಿಗೆ ಸೇರಿಸಿದೆ.

ಮತ್ತೆ ಹೊರಗೆ ತೆಗೆದಿದ್ದು ಒಂದು ವರ್ಷದ ಮೇಲೆ, ಹೊಸ ಹೆಡ್‌ಫೋನ್ ಹೇಗಿದೆ ನೋಡೋಣ ಅಂತ. ಆವತ್ತು ರಾತ್ರಿ ಎರಡನೇ ಹಾಡಿಗೇ ಸಿಕ್ಕಿಹಾಕಿಕೊಂಡೆ. ಅಲ್ಲಿಂದ ಇಲ್ಲಿಯವರೆಗೆ ತಿಂಗಳಿಗೆ ಒಮ್ಮೆಯಾದರೂ ಕೇಳಿದ್ದೇನೆ. ಹಾಗಾಗಿ ಇದು ಬಿಸಿಬಿಸಿ ಅಭಿಪ್ರಾಯ ಅಲ್ಲ, ಚೆನ್ನಾಗಿ ಆರಿದ ಮೇಲೆ ಬರೆಯುತ್ತಿರುವುದು.

ಸಿಡಿ ಏನು ಅಂತ ಚಿಕ್ಕದಾಗಿ ಹೇಳುತ್ತೇನೆ. 1970ರ 'ಸನ್‌ಫ್ಲವರ್', 1971ರ 'ಸರ್ಫ್ಸ್ ಅಪ್', ಎರಡು ಆಲ್ಬಮ್ ಸೇರಿಸಿ 2000ದಲ್ಲಿ ಒಂದೇ ಡಿಸ್ಕ್ ಮಾಡಿ ತಂದರು. ಮೊದಲದರಲ್ಲಿ 12 ಹಾಡು, ಎರಡನೆಯದರಲ್ಲಿ 10. ಒಟ್ಟು 22.

ಈ ಬ್ಯಾಂಡ್ ಬಗ್ಗೆ ಎಲ್ಲರಿಗೂ ಬಾಯಿಪಾಠ ಆಗಿರುವ ಒಂದು ಕಥೆ ಇದೆ. ಕ್ಯಾಲಿಫೋರ್ನಿಯಾದ ಹಾಥಾರ್ನ್‌ನಲ್ಲಿ 1961ರಲ್ಲಿ ಬ್ರಯನ್, ಡೆನ್ನಿಸ್, ಕಾರ್ಲ್ ಅನ್ನೋ ಮೂವರು ಅಣ್ಣತಮ್ಮಂದಿರು, ಕಸಿನ್ ಮೈಕ್ ಲವ್, ಗೆಳೆಯ ಅಲ್ ಜಾರ್ಡೀನ್ ಸೇರಿ ಶುರು ಮಾಡಿದರು. ದೊಡ್ಡಣ್ಣ ಬ್ರಯನ್ ವಿಲ್ಸನ್ ಜೀನಿಯಸ್. 1966ರಲ್ಲಿ 'ಪೆಟ್ ಸೌಂಡ್ಸ್' ಆಲ್ಬಮ್, ಅದೇ ವರ್ಷ 'ಗುಡ್ ವೈಬ್ರೇಷನ್ಸ್' ಹಾಡು. ಆಮೇಲೆ 'ಸ್ಮೈಲ್' ಅನ್ನೋ ಆಲ್ಬಮ್ಮಿನ ದೊಡ್ಡ ಕನಸು 1967ರಲ್ಲಿ ಮುರಿದುಬಿತ್ತು, ಬ್ರಯನ್ ಸೋತು ಹಿಂದೆ ಸರಿದರು, ಬ್ಯಾಂಡ್ ಕಥೆ ಅಲ್ಲಿಗೆ ಮುಗಿಯಿತು. ಅಂಕಿಗಳೂ ಈ ಕಥೆಗೆ ತಾಳ ಹಾಕುತ್ತವೆ. 1968ರ 'ಫ್ರೆಂಡ್ಸ್' ಅಮೆರಿಕದ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 126ನೇ ಸ್ಥಾನದವರೆಗೆ ಮಾತ್ರ ಏರಿತು. 'ಸನ್‌ಫ್ಲವರ್' 151. ಆರೇಳು ವರ್ಷ ದೇಶವನ್ನೇ ಕುಣಿಸಿದವರಿಗೆ 151!

ಮಾರಾಟ ಆಗಲಿಲ್ಲ, ಅದು ನಿಜ. ಅದಕ್ಕೇ ಚೆನ್ನಾಗಿಲ್ಲ ಅಂದುಬಿಟ್ಟರೆ ಹೇಗೆ? ನನ್ನ ಕಿವಿಗೆ ಕೇಳಿಸುವುದೇ ಬೇರೆ. ಅಣ್ಣ ಒಬ್ಬನೇ ಎಳೆಯುತ್ತಿದ್ದ ಗಾಡಿಗೆ ಉಳಿದವರೂ ಹೆಗಲು ಕೊಡೋಕೆ ಕಲಿತ ಕಾಲ ಇದು. 'ಸನ್‌ಫ್ಲವರ್'ನಲ್ಲಿ ಹಾಡು ಕಟ್ಟಿದವರು ಯಾರು ಯಾರು ನೋಡಿ. ಡ್ರಮ್ಮರ್ ಡೆನ್ನಿಸ್ ಇದ್ದಾರೆ, ಆಮೇಲೆ ಬ್ಯಾಂಡ್ ಸೇರಿದ ಬ್ರೂಸ್ ಜಾನ್‌ಸ್ಟನ್ ಇದ್ದಾರೆ, ಅಲ್ ಜಾರ್ಡೀನ್ ಇದ್ದಾರೆ. ಲಾಸ್ ಏಂಜಲಿಸ್‌ನ ಬೆಲ್ ಏರ್‌ನಲ್ಲಿ ಬ್ರಯನ್ ಅವರ ಮನೆಯಲ್ಲೇ ಸ್ಟುಡಿಯೋ ಮಾಡಿಕೊಂಡಿದ್ದರು. ಮನಸ್ಸಾದರೆ ಅವರು ಇಳಿದು ಬರುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಕೆಲಸ ಮಾತ್ರ ನಿಲ್ಲುತ್ತಿರಲಿಲ್ಲ. ರೆಕಾರ್ಡ್ ಕಂಪನಿ ಈ ಆಲ್ಬಮ್ಮನ್ನು ಒಂದಕ್ಕಿಂತ ಹೆಚ್ಚು ಸಲ ಸಾಲದು ಅಂತ ವಾಪಸ್ ಕಳಿಸಿತ್ತು ಅಂದರೆ ಈಗ ನಂಬೋಕೇ ಆಗಲ್ಲ.

ಆ ರಾತ್ರಿ ನನ್ನನ್ನು ಹಿಡಿದುಹಾಕಿದ ಎರಡನೇ ಹಾಡು 'ದಿಸ್ ಹೋಲ್ ವರ್ಲ್ಡ್'. ಎರಡು ನಿಮಿಷವೂ ಇಲ್ಲ. ಬ್ರಯನ್ ಬರೆದದ್ದು, ತಮ್ಮ ಕಾರ್ಲ್ ಹಾಡಿದ್ದು. ಕೇಳೋಕೆ ಸಲೀಸು, ಮಕ್ಕಳ ಹಾಡಿನ ಥರ. ಗಿಟಾರ್ ಹಿಡಿದು ನುಡಿಸೋಕೆ ಕೂತರೆ ಗೊತ್ತಾಗುತ್ತೆ ಪಾಡು. ಶ್ರುತಿ ಒಂದು ಕಡೆ ನಿಲ್ಲುವುದೇ ಇಲ್ಲ. ಈಗ ಮನೆಗೆ ಬಂತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಮನೆಯ ಬಾಗಿಲು ತಟ್ಟಿರುತ್ತದೆ. ನಾನು ಮೂರು ದಿನ ಒದ್ದಾಡಿ ಕೈಬಿಟ್ಟೆ. ಕಾರ್ಲ್ ಮಾತ್ರ ಅದರ ಮೇಲೆ ಒಂದು ಚೂರೂ ಎಡವದೆ ಹಾಡಿಕೊಂಡು ಹೋಗುತ್ತಾರೆ.

ಎಂಟನೇ ಹಾಡು 'ಆಲ್ ಐ ವಾನ್ನಾ ಡು'. ಹಾಡಿದವರು ಮೈಕ್ ಲವ್. ಈ ಬ್ಯಾಂಡಿನ ಅಭಿಮಾನಿಗಳು ಬೈಯೋಕೆ ಅಂತಲೇ ಇಟ್ಟುಕೊಂಡಿರುವ ಮನುಷ್ಯ ಅವರು. ನಾನೂ ಬೈದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಇಲ್ಲಿ ಅವರ ದನಿ ಪ್ರತಿಧ್ವನಿಯಲ್ಲಿ ಎಷ್ಟು ನೆನೆದಿದೆ ಅಂದರೆ ಪಕ್ಕದ ಕೋಣೆಯಲ್ಲಿ ಯಾರೋ ನಿದ್ದೆಯಲ್ಲಿ ಹಾಡಿದಂತಿದೆ. ಇಂಥ ಮಂಜುಮಂಜಾದ ಶಬ್ದ ಎಷ್ಟೋ ವರ್ಷ ಆದಮೇಲೆ ಫ್ಯಾಷನ್ ಆಯಿತು. ಇವರು 1970ರಲ್ಲೇ ಮಾಡಿ, ಯಾರೂ ಗಮನಿಸದೆ, ಸುಮ್ನೆ ಮುಂದೆ ಹೋಗಿದ್ದರು.

ಅದರ ಬೆನ್ನಿಗೇ ಡೆನ್ನಿಸ್ ಅವರ 'ಫಾರೆವರ್'. ಬ್ಯಾಂಡಿನಲ್ಲಿ ನಿಜವಾಗಿ ಅಲೆಯ ಮೇಲೆ ಸರ್ಫ್ ಮಾಡುತ್ತಿದ್ದವರು ಇವರೊಬ್ಬರೇ. ಒರಟು ಆಸಾಮಿ ಅಂತ ಹೆಸರು. ಹಾಡು ಮಾತ್ರ ಎಷ್ಟು ಮೆತ್ತಗಿದೆ! 1983ರ ಡಿಸೆಂಬರ್‌ನಲ್ಲಿ ಮರೀನಾ ಡೆಲ್ ರೇಯಲ್ಲಿ ಅವರು ನೀರಿನಲ್ಲಿ ಮುಳುಗಿ ಸತ್ತರು ಅನ್ನೋದು ಗೊತ್ತಿದ್ದು ಕೇಳಿದರೆ, ಕೊನೆಕೊನೆಗೆ ದನಿ ಮೆಲ್ಲಗೆ ದೂರವಾಗುವ ಕಡೆ ಕಷ್ಟ ಆಗುತ್ತದೆ.

ಹೆಡ್‌ಫೋನಿನ ವಿಷಯಕ್ಕೆ ಬರುತ್ತೇನೆ. ಬ್ರಯನ್‌ಗೆ ಬಲಗಿವಿ ಕೇಳಿಸುತ್ತಿರಲಿಲ್ಲ. 'ಪೆಟ್ ಸೌಂಡ್ಸ್' ಮಾಡಿದ್ದು ಮೋನೋದಲ್ಲಿ, ಅಂದರೆ ಎರಡೂ ಕಿವಿಗೆ ಒಂದೇ ಶಬ್ದ. ಈ ಎರಡು ಆಲ್ಬಮ್‌ಗಳನ್ನು ಎಂಜಿನಿಯರ್ ಸ್ಟೀಫನ್ ಡೆಸ್ಪರ್ ಸ್ಟೀರಿಯೋಗೆಂದೇ ಕಟ್ಟಿದರು. ಕಂಠಗಳು ಎಡಕ್ಕೊಂದು, ಬಲಕ್ಕೊಂದು, ತಲೆಯ ಹಿಂದೊಂದು ನಿಂತ ಹಾಗಿರುತ್ತವೆ. ಫೋನಿನ ಚಿಕ್ಕ ಸ್ಪೀಕರ್‌ನಲ್ಲಿ ಕೇಳಿ 'ಏನೂ ಇಲ್ಲ ಇದರಲ್ಲಿ' ಅನ್ನೋರಿಗೆ ನನ್ನದೊಂದೇ ಮಾತು: ಒಂದು ಸಲ ಕಿವಿ ಮುಚ್ಚುವಂಥ ಹೆಡ್‌ಫೋನ್ ಹಾಕಿಕೊಳ್ಳಿ.

ಈಗ ದೂರುಗಳು. ಮೊದಲನೆಯದು, ಎರಡನ್ನೂ ಒಂದೇ ಡಿಸ್ಕಿಗೆ ತುಂಬಿದ್ದು. 'ಸನ್‌ಫ್ಲವರ್' ಮುಗಿಯುವುದು 'ಕೂಲ್, ಕೂಲ್ ವಾಟರ್' ಹಾಡಿನಿಂದ. ಐದು ನಿಮಿಷ ನೀರು, ನೀರು, ತಣ್ಣನೆ ನೀರು. ಅದು ಮುಗಿದ ಬೆನ್ನಲ್ಲೇ 'ಸರ್ಫ್ಸ್ ಅಪ್'ನ ಮೊದಲ ಹಾಡು 'ಡೋಂಟ್ ಗೋ ನಿಯರ್ ದಿ ವಾಟರ್'. ನೀರಿನ ಹತ್ರ ಹೋಗಬೇಡಿ! ನೀರು ಕೆಟ್ಟಿದೆ ಅನ್ನೋ ಹಾಡು ಅದು. ಮೊದಲ ಸಲ ಜೋರಾಗಿ ನಕ್ಕುಬಿಟ್ಟೆ. ನಗು ಹೋಗಲಿ, ಎರಡೂ ಬೇರೆ ಬೇರೆ ಮನಸ್ಥಿತಿಯ ಆಲ್ಬಮ್. ಒಂದು ಬೆಳಗಿನದು, ಇನ್ನೊಂದು ಸಂಜೆಯದು. ಹನ್ನೆರಡು ಹಾಡು ಆದ ಮೇಲೆ ನಿಲ್ಲಿಸಿ, ಬೇರೇನಾದರೂ ಕೆಲಸ ಮಾಡಿ ಬಂದು, ಆಮೇಲೆ ಮುಂದುವರಿಸಿ.

ಎರಡನೆಯದು 17ನೇ ಹಾಡು, 'ಸ್ಟೂಡೆಂಟ್ ಡೆಮಾನ್‌ಸ್ಟ್ರೇಷನ್ ಟೈಮ್'. ಹಳೆಯದೊಂದು ಹಾಡಿನ ಧಾಟಿಗೆ ಮೈಕ್ ಲವ್ ಹೊಸ ಮಾತು ಹೊಂದಿಸಿದ್ದು. ಸೈರನ್ ಕೂಗುತ್ತೆ, ಮೆಗಾಫೋನ್ ದನಿ ಅರಚುತ್ತೆ. 1970ರಲ್ಲಿ ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದಂಥ ಘಟನೆ ಇಟ್ಟುಕೊಂಡು, ಕೊನೆಗೆ ಗಲಾಟೆಯಿಂದ ದೂರ ಇರಿ ಅನ್ನೋ ಬುದ್ಧಿವಾದ. ಹದಿನಾಲ್ಕು ವರ್ಷದಲ್ಲಿ ಪೂರ್ತಿ ಕೇಳಿದ್ದು ಐದಾರು ಸಲ ಇರಬಹುದು. ಅದು ಬರುತ್ತಿದ್ದ ಹಾಗೇ ಬೆರಳು ತಾನಾಗೇ ಸ್ಕಿಪ್ ಒತ್ತುತ್ತದೆ. ಕಾಲಿನ ಆರೈಕೆ ಬಗ್ಗೆ ಒಂದು ಹಾಡಿದೆ, ಅದು ತಮಾಷೆಗೆ, ಇರಲಿ ಬಿಡಿ.

ಹಾಗೆ ಸ್ಕಿಪ್ ಮಾಡಿದರೆ ಸಿಗುವುದು 'ಫೀಲ್ ಫ್ಲೋಸ್'. ಕಾರ್ಲ್ ಅವರದು. ಪ್ರತಿಧ್ವನಿಯನ್ನು ಹಿಂದುಮುಂದು ಮಾಡಿದ್ದಾರೆ. ಅಂದರೆ ದನಿ ಬರುವ ಮೊದಲೇ ಅದರ ನೆರಳು ಬಂದಿರುತ್ತದೆ. ನಡುವೆ ಜಾಸ್ ಕಲಾವಿದ ಚಾರ್ಲ್ಸ್ ಲಾಯ್ಡ್ ಅವರ ಕೊಳಲು ಮತ್ತು ಸ್ಯಾಕ್ಸೊಫೋನ್. ಸಾಹಿತ್ಯ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆಗಲೇಬೇಕು ಅಂತಲೂ ಅನ್ನಿಸಿಲ್ಲ.

ಇನ್ನು ಕೊನೆಯ ಎರಡು ಹಾಡು. 22ನೆಯದು, ಆಲ್ಬಮ್ಮಿನ ಹೆಸರಿನ 'ಸರ್ಫ್ಸ್ ಅಪ್', ಮೂಲದಲ್ಲಿ 'ಸ್ಮೈಲ್'ಗಾಗಿ ಬ್ರಯನ್ ಮತ್ತು ಗೀತರಚನೆಕಾರ ವ್ಯಾನ್ ಡೈಕ್ ಪಾರ್ಕ್ಸ್ 1966ರಲ್ಲಿ ಬರೆದದ್ದು. ಅರ್ಧಕ್ಕೇ ನಿಂತಿತ್ತು. 1971ರಲ್ಲಿ ಉಳಿದವರು ಕೂತು ಹೊಲಿದು ಪೂರ್ತಿ ಮಾಡಿದರು. ಮೊದಲ ಭಾಗದಲ್ಲಿ 1966ರ ವಾದ್ಯಗಳು, ಅದರ ಮೇಲೆ ಕಾರ್ಲ್ ಹೊಸದಾಗಿ ಹಾಡಿದ್ದು. ನಡುವೆ ಬ್ರಯನ್ ಒಬ್ಬರೇ ಪಿಯಾನೋ ಮುಂದೆ ಕೂತು 1966ರಲ್ಲಿ ಹಾಡಿದ ಟೇಪು. ಕೊನೆಗೆ ಎಲ್ಲರ ದನಿ. ಕಾರ್ಲ್ ದನಿ ನಿಂತು ಅಣ್ಣನ ದನಿ ಶುರುವಾಗುವ ಆ ಜಾಗ ಇದೆಯಲ್ಲ, ಅಲ್ಲಿ ಹೊಲಿಗೆ ಕಾಣುತ್ತೆ. ಪಿಯಾನೋದ ಶಬ್ದವೇ ಬೇರೆ, ಕೋಣೆಯ ಗಾಳಿಯೇ ಬೇರೆ. ಮೊದಮೊದಲು ಅದು ದೋಷ ಅನ್ನಿಸಿತ್ತು. ಈಗ ಆ ಹೊಲಿಗೆ ಕೇಳೋಕೆ ಅಂತಲೇ ಕಾಯುತ್ತೇನೆ. ಐದು ವರ್ಷ ಹಿಂದಿನ ಅಣ್ಣನಿಗೆ ತಮ್ಮ ಕಾರ್ಲ್ ಮೈಕ್ರೊಫೋನ್ ದಾಟಿಸಿದ ಹಾಗಿರುತ್ತೆ.

ಅದಕ್ಕೆ ಮೊದಲು ಬರುವ 21ನೇ ಹಾಡು 'ಟಿಲ್ ಐ ಡೈ' ಬ್ರಯನ್ ಒಬ್ಬರೇ ಬರೆದದ್ದು, ಮಾತೂ ಅವರದೇ. ಸಮುದ್ರದಲ್ಲಿ ತೇಲುವ ಬಿರಡೆ, ಗುಡ್ಡ ಕುಸಿದಾಗ ಉರುಳುವ ಕಲ್ಲು, ಗಾಳಿಗೆ ಸಿಕ್ಕ ಎಲೆ. ಮೂರೇ ಚಿತ್ರ, ಎರಡೂವರೆ ನಿಮಿಷ. ಸಮುದ್ರದ ಹಾಡು ಹಾಡಿಯೇ ಹೆಸರು ಮಾಡಿದ ಬ್ಯಾಂಡ್, ಕೊನೆಗೆ ಸಮುದ್ರ ಕಂಡದ್ದು ಹೀಗೆ.

ಈ ಸಿಡಿ ಹಿಡಿಸಿದ ಮೇಲೆ ಉಳಿದವನ್ನೂ ಹುಡುಕಿದೆ. 'ಫ್ರೆಂಡ್ಸ್' 25 ನಿಮಿಷದ ಪುಟ್ಟ ಆಲ್ಬಮ್. ಬ್ರಯನ್ ತಮ್ಮ ಮನೆಗೆ ಬರುವ ದಾರಿಯನ್ನೇ ಒಂದು ಹಾಡಿನಲ್ಲಿ ಹೇಳಿಬಿಟ್ಟಿದ್ದಾರೆ. ಮೊದಲು ಸಪ್ಪೆ ಅನ್ನಿಸಿತ್ತು. ಈಗ ಈ ಬ್ಯಾಂಡಿನಲ್ಲಿ ನಾನು ಅತಿ ಜಾಸ್ತಿ ಹಾಕುವುದು ಅದನ್ನೇ. ವಯಸ್ಸಿನ ಪ್ರಭಾವ ಇರಬಹುದು. 1973ರ 'ಹಾಲೆಂಡ್' ಮಾಡೋಕೆ ಸ್ಟುಡಿಯೋ ಸಾಮಾನನ್ನೆಲ್ಲ ಕ್ಯಾಲಿಫೋರ್ನಿಯಾದಿಂದ ನೆದರ್ಲೆಂಡ್ಸ್‌ಗೆ ಸಾಗಿಸಿ, ಬಾಂಬ್ರುಗೆ ಊರಿನ ಒಂದು ಕೊಟ್ಟಿಗೆಯಲ್ಲಿ ಜೋಡಿಸಿದರಂತೆ. ಅಷ್ಟು ಮಾಡಿಯೂ ಸಿಂಗಲ್ ಆಗಿ, ಅಂದರೆ ಒಂದೇ ಹಾಡಾಗಿ ಬೇರೆ ಬಿಡುವಂಥ ಹಾಡಿಲ್ಲ ಅಂತ ಕಂಪನಿ ತಕರಾರು ತೆಗೆಯಿತು. ಆಮೇಲೆ ಸೇರಿದ್ದೇ ಆಗ ಬ್ಯಾಂಡಿನಲ್ಲಿದ್ದ ಬ್ಲಾಂಡಿ ಚಾಪ್ಲಿನ್ ಹಾಡಿರುವ 'ಸೇಲ್ ಆನ್, ಸೇಲರ್'. ಹಾಡು ಮೊದಲ ದರ್ಜೆ. ಆಲ್ಬಮ್ ಜೊತೆಗೆ ಬೇರೆ ಡಿಸ್ಕಿನಲ್ಲಿ ಕೊಟ್ಟ ಕಿನ್ನರಿ ಕಥೆ ನನ್ನ ಕೈಲಿ ಆಗಲ್ಲ. 1977ರ 'ಲವ್ ಯೂ' ಎಲ್ಲರಿಗೂ ಅಲ್ಲ. ಸಿಂಥಸೈಜರ್ ಗುರುಗುಟ್ಟುತ್ತೆ, ಬ್ರಯನ್ ಅವರ ದನಿ 34ಕ್ಕೇ ಬಿರುಕು ಬಿಟ್ಟಿದೆ. ನನಗೆ ಇಷ್ಟ. ಮನೆಯವರಿಗೆ ಇಲ್ಲ.

2021ರಲ್ಲಿ ಈ ಎರಡು ಆಲ್ಬಮ್‌ಗಳ ಧ್ವನಿಮುದ್ರಣಗಳನ್ನೆಲ್ಲ ಸೇರಿಸಿ 'ಫೀಲ್ ಫ್ಲೋಸ್' ಅನ್ನೋ ಹೆಸರಿನಲ್ಲಿ ಐದು ಸಿಡಿಗಳ ಬಾಕ್ಸ್ ಬಂತು. ಹಾಗಾದರೆ ಹಳೇದು ಯಾಕೆ ಬೇಕು ಅಂತ ಕೇಳಬಹುದು. ಬಾಕ್ಸ್‌ನಲ್ಲಿ ವಾದ್ಯ ತೆಗೆದು ಬರೀ ಕಂಠ ಉಳಿಸಿದ ಮಿಕ್ಸ್‌ಗಳಿವೆ, ಅದು ಹಬ್ಬ. 'ಸರ್ಫ್ಸ್ ಅಪ್'ನಲ್ಲಿ ಡೆನ್ನಿಸ್ ಅವರ ಒಂದು ಹಾಡೂ ಇಲ್ಲ. ಆ ಕಾಲದಲ್ಲಿ ಅವರು ಮಾಡಿದ್ದ ಒಂದು ಹಾಡು ಐವತ್ತು ವರ್ಷ ಕಪಾಟಿನಲ್ಲೇ ಇದ್ದು, ಈ ಬಾಕ್ಸ್‌ನಲ್ಲಿ ಹೊರಬಂತು. ಆದರೆ ಅಷ್ಟೊಂದು ಬಿಡಿ ಭಾಗಗಳ ನಡುವೆ ಮೊದಲ ಸಲ ಕೇಳುವವರು ಕಳೆದುಹೋಗುತ್ತಾರೆ. ಮೊದಲು ಈ 22 ಹಾಡು ಬಾಯಿಗೆ ಬರಲಿ, ಬಾಕ್ಸ್ ಆಮೇಲೆ.

2025ರ ಜೂನ್‌ನಲ್ಲಿ ಬ್ರಯನ್ ತೀರಿಕೊಂಡಾಗ ಎಲ್ಲ ಕಡೆ 'ಪೆಟ್ ಸೌಂಡ್ಸ್' ಕೇಳಿಸುತ್ತಿತ್ತು. ನಾನು ಹಾಕಿದ್ದು 21ನೇ ಹಾಡು. ನನ್ನ ಡಿಸ್ಕಿನಲ್ಲಿ ಅಲ್ಲೊಂದು ಗೀರಿದೆ. ಬಿರಡೆ ತೇಲುವ ಸಾಲಿನ ಹತ್ತಿರ ದನಿ ಎರಡು ಸಲ ತೊದಲಿ ಮುಂದೆ ಹೋಗುತ್ತದೆ. ಮಾರಿದವರು ಗೀರಿಲ್ಲ ಅಂತ ಆಣೆ ಮಾಡಿದ್ದರು, ಕೇಸಿನ ಹಲ್ಲೂ ಮುರಿದಿತ್ತು. ಬಾಕ್ಸ್‌ನಲ್ಲಿ ಅದೇ ಸಾಲು ನುಣುಪಾಗಿ ಸಾಗುತ್ತೆ. ನನಗೆ ಮಾತ್ರ ಅಲ್ಲಿ ಏನೋ ಕಡಿಮೆಯಾದಂತೆ ಅನಿಸಿ, ಆವತ್ತೂ ಹಳೆಯದನ್ನೇ ಹಾಕಿದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿದದ್ದು ಆ ಸೈರನ್‌ಗೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಡಿಸ್ಕಿನ ಹೊರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸಿಡಿ ಓದುವುದು ಒಳಗಿನಿಂದ ಹೊರಕ್ಕೆ, ಕೊನೆಯ ಹಾಡುಗಳೆಲ್ಲ ಆ ಅಂಚಿನಲ್ಲೇ ಇರುವುದು.